ದೊರೆಗೂ ಸಿಗದ ಸೂಜಿ, ಗುರುವಾರ ನಮ್ಮೂರಲ್ಲಿ ಪುಕ್ಕಟೆ

1894ರ ಡಿಸೆಂಬರ್ 28ರಂದು ಮೈಸೂರಿನ ಮಹಾರಾಜ ಹತ್ತನೇ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡರು. ವಯಸ್ಸು ಬರೀ 31. ವೈಸರಾಯ್ ಭೇಟಿಗೆ ಅಂತ ಸಂಸಾರ ಸಮೇತ ಉತ್ತರದ ಕಡೆ ಪ್ರವಾಸ ಹೋದವರು ಮೈಸೂರಿಗೆ ವಾಪಸ್ ಬರಲೇ ಇಲ್ಲ. ಅವರನ್ನು ಕೊಂಡೊಯ್ದ ರೋಗದ ಹೆಸರು ಡಿಫ್ತೀರಿಯಾ. ನಮ್ಮ ಹಿರಿಯರು ಅದಕ್ಕೆ ಗಂಟಲಮಾರಿ ಅಂತಿದ್ದರು. ಆ ಕಾಲದಲ್ಲಿ ಅದು ಹೆಚ್ಚಾಗಿ ಚಿಕ್ಕ ಮಕ್ಕಳನ್ನು ಉಸಿರು ಕಟ್ಟಿಸಿ ಸಾಯಿಸುತ್ತಿದ್ದ ರೋಗ.

ಈ ದೊರೆಯ ಬಗ್ಗೆ ನಾನು ಯಾಕೆ ಬರೀತಿದ್ದೀನಿ ಅಂತ ಮೊದಲೇ ಹೇಳಿಬಿಡ್ತೀನಿ. ನಾನು ಅರಸೀಕೆರೆಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಅರಸೀಕೆರೆ ಅಂದ ಕೂಡಲೇ ಎಲ್ಲರೂ ರೈಲ್ವೆ ಜಂಕ್ಷನ್ನಾ ಅಂತ ಕೇಳ್ತಾರೆ. ಅದು ಹಾಸನ ಜಿಲ್ಲೆಯದು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ, ಉಚ್ಚಂಗಿದುರ್ಗಕ್ಕೆ ಹೋಗೋ ಹಾದಿಯ ಕಡೆಯದು. ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ ಜಿಲ್ಲೆ. ಜಿಲ್ಲೆ ಯಾವುದಾದರೇನು, ಕೂಸಿನ ಉಸಿರು ಮೇಲೆ ಕೆಳಗೆ ಆಗೋಕೆ ಶುರುವಾದರೆ ನಾವು ಓಡೋದು ದಾವಣಗೆರೆಗೇ. ಚಾಮರಾಜೇಂದ್ರರ ಕಾಲದಲ್ಲಿ ಆ ಇನ್ನೊಂದು ಅರಸೀಕೆರೆ ಅವರ ಸಂಸ್ಥಾನಕ್ಕೆ ಸೇರಿತ್ತು. ನಮ್ಮದು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯ ಒಂದು ಮೂಲೆ. ಅವರು ನಮ್ಮ ದೊರೆ ಆಗಿರಲಿಲ್ಲ. ಆದರೂ ಪ್ರತಿ ವರ್ಷ ಶಾಲೆಗೆ ಸೂಜಿ ಹಾಕೋರು ಬಂದಾಗ ನಾನು ಮಕ್ಕಳಿಗೂ, ಜಗಳಕ್ಕೆ ಬರೋ ಅವರ ಅಪ್ಪ ಅಮ್ಮಂದಿರಿಗೂ ಈ ದೊರೆಯ ಕಥೆಯನ್ನೇ ಹೇಳೋದು.

ಚಾಮರಾಜೇಂದ್ರರು ಹುಟ್ಟಿದ್ದು 1863ರ ಫೆಬ್ರವರಿ 22ರಂದು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಗಂಡು ಸಂತಾನ ಉಳಿದಿರಲಿಲ್ಲ. 1831ರಿಂದ ಆಡಳಿತವೂ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. ದತ್ತು ಮಗನಿಗೆ ರಾಜ್ಯ ಕೊಡ್ತಾರೋ ಇಲ್ಲವೋ ಅನ್ನೋ ಗ್ಯಾರಂಟಿಯೂ ಇಲ್ಲದ ಹೊತ್ತಿನಲ್ಲಿ, 1865ರಲ್ಲಿ, ಎರಡು ವರ್ಷದ ಈ ಹುಡುಗನನ್ನು ಮುದುಕ ದೊರೆ ದತ್ತು ತಗೊಂಡರು. ಮೂರು ವರ್ಷಕ್ಕೆ ಆ ಅಜ್ಜನೂ ಹೋದರು. ಐದು ವರ್ಷದ ಹುಡುಗ ಗಾದಿ ಮೇಲೆ ಕೂತ. ಅಧಿಕಾರ ಇಲ್ಲ, ಗಾದಿ ಮಾತ್ರ. ಇಂಗ್ಲಿಷ್ ಅಧಿಕಾರಿಗಳ ಉಸ್ತುವಾರಿಯಲ್ಲಿ ಓದು, ಕುದುರೆ ಸವಾರಿ, ಸಂಗೀತ. 18 ತುಂಬಿದ ಮೇಲೆ, 1881ರ ಮಾರ್ಚ್ 25ರಂದು, ಐವತ್ತು ವರ್ಷದ ನಂತರ ರಾಜ್ಯ ಅರಮನೆಗೆ ಮರಳಿತು. ಆದರೆ ಕೈಗೆ ಬಂದ ರಾಜ್ಯ ಎಂಥದ್ದು? 1876ರಿಂದ 78ರ ತನಕದ ಡೌಗಿ ಬರಕ್ಕೆ ಸಿಕ್ಕಿ, ಹತ್ತಿರಹತ್ತಿರ ಐದರಲ್ಲೊಂದು ಪಾಲು ಜನರನ್ನು ಕಳಕೊಂಡಿದ್ದ ರಾಜ್ಯ. ಅದೇ ಬರ ನಮ್ಮ ಬಳ್ಳಾರಿ ಸೀಮೆಯನ್ನೂ ಬಿಟ್ಟಿರಲಿಲ್ಲ.

ಅದೇ ವರ್ಷದ ದಸರಾದಲ್ಲಿ ದಿವಾನ್ ರಂಗಾಚಾರ್ಲು ಅವರ ಜೊತೆ ಸೇರಿ ಪ್ರಜಾ ಪ್ರತಿನಿಧಿ ಸಭೆ ಕರೆದರು. ಭಾರತದ ಸಂಸ್ಥಾನಗಳಲ್ಲಿ ಅಂಥದ್ದು ಅದೇ ಮೊದಲು. ಮೈಸೂರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದೂ ಅದೇ ವರ್ಷ, ಮುಂದೆ ಅದು ಮಹಾರಾಣಿ ಕಾಲೇಜಾಯಿತು. ರಂಗಾಚಾರ್ಲು 1883ರಲ್ಲಿ ತೀರಿಕೊಂಡ ಮೇಲೆ ಕೆ. ಶೇಷಾದ್ರಿ ಅಯ್ಯರ್ ಬಂದರು. ಲಾಲ್‌ಬಾಗಿನ ಗಾಜಿನ ಮನೆ, ಓರಿಯಂಟಲ್ ಲೈಬ್ರರಿ, ಮೈಸೂರಿನ ಮೃಗಾಲಯ, ಇವೆಲ್ಲ ಆ ಹದಿಮೂರು ವರ್ಷದೊಳಗೇ ಆದವು. ಮೃಗಾಲಯಕ್ಕೆ ಇವತ್ತಿಗೂ ಅವರದೇ ಹೆಸರು. ಟೂರ್‌ಗೆ ಹೋಗಿ ಬಂದ ನಮ್ಮ ಮಕ್ಕಳಿಗೆ ಚಾಮರಾಜೇಂದ್ರ ಅಂದ್ರೆ ಜಿರಾಫೆ.

ದೊರೆಗೆ ಸಂಗೀತದ ಹುಚ್ಚು. ಸ್ವತಃ ಪಿಟೀಲು ನುಡಿಸುತ್ತಿದ್ದರು. ವೀಣೆ ಶೇಷಣ್ಣ ಅಂಥವರು ಅವರ ಆಸ್ಥಾನದಲ್ಲಿದ್ದರು. ಅರಮನೆಯ ನಾಟಕ ಕಂಪನಿಗಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು, ಸಂಸ್ಥಾನದ ಗೀತೆ ಬರೆದವರೂ ಅವರೇ. 1892ರಲ್ಲಿ, ಇನ್ನೂ ಯಾರೂ ಅಷ್ಟಾಗಿ ಅರಿಯದ ಸನ್ಯಾಸಿಯಾಗಿದ್ದ ವಿವೇಕಾನಂದರು ಮೈಸೂರಿಗೆ ಬಂದಾಗ ಅರಮನೆಯಲ್ಲಿ ಉಳಿಸಿಕೊಂಡು ಸತ್ಕರಿಸಿದರು. ಹೊಸದಾಗಿ ಬಂದಿದ್ದ ಫೋನೋಗ್ರಾಫಿನಲ್ಲಿ ಸ್ವಾಮೀಜಿಯ ಧ್ವನಿಯನ್ನು ಹಿಡಿಸಿಟ್ಟರು ಅಂತ ಅವರ ಜೀವನಚರಿತ್ರೆ ಹೇಳುತ್ತದೆ. 1894ರ ಜೂನ್‌ನಲ್ಲಿ ವಿವೇಕಾನಂದರು ಷಿಕಾಗೋದಿಂದ ದೊರೆಗೆ ಬಡವರ ವಿದ್ಯಾಭ್ಯಾಸದ ಬಗ್ಗೆ ಉದ್ದದ ಕಾಗದ ಬರೆದರು. ಅದಾಗಿ ಆರು ತಿಂಗಳಿಗೆ ದೊರೆ ಇಲ್ಲ.

ಅದೇ 1894ರಲ್ಲಿ ಅವರ ಸರ್ಕಾರ ಇನ್ನೊಂದು ಕೆಲಸ ಮಾಡಿತ್ತು, ಹೆಚ್ಚಿನವರಿಗೆ ಅದು ನೆನಪಿಲ್ಲ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಹದಿನಾಲ್ಕರೊಳಗಿನ ಹುಡುಗಿಯನ್ನು ಐವತ್ತು ದಾಟಿದ ಮುದುಕ ಕಟ್ಟಿಕೊಳ್ಳೋದನ್ನೂ ಅಪರಾಧ ಮಾಡಿದ ಕಾಯ್ದೆ ಅದು. ಈಗ ಓದಿದರೆ ಎಂಟು ವರ್ಷ ಅಂದರೇನು ಅಂತ ಗಾಬರಿಯಾಗುತ್ತೆ. ಅಷ್ಟಕ್ಕೇ ಆಗ ಎಷ್ಟು ಕೂಗಾಟ ಆಗಿರಬೇಡ!

ಈಗ ರೋಗದ ವಿಚಾರ. ಡಿಫ್ತೀರಿಯಾ ಅನ್ನೋ ಹೆಸರು ಬಂದದ್ದು ಚರ್ಮ ಅನ್ನೋ ಅರ್ಥದ ಗ್ರೀಕ್ ಪದದಿಂದ. ಕನ್ನಡದ ಪುಸ್ತಕಗಳಲ್ಲಿ ಗಳಚರ್ಮ ರೋಗ ಅಂತ ಇರೋದೂ ಅದಕ್ಕೇ. ಮೊದಲ ಎರಡು ದಿನ ಸಣ್ಣ ಜ್ವರ, ಗಂಟಲು ನೋವು, ನೆಗಡಿ ಅಂತಲೇ ಅನ್ನಿಸುತ್ತೆ. ಆಮೇಲೆ ಗಂಟಲ ಒಳಗೆ ಬೂದು ಬಣ್ಣದ ಪೊರೆ ಕಟ್ಟುತ್ತೆ, ಹಸಿ ತೊಗಲಿನ ಹಾಗೆ. ಕೀಳೋಕೆ ಹೋದರೆ ರಕ್ತ ಬರುತ್ತೆ. ದನಿ ಮೊದಲು ಒಡೆದು ಆಮೇಲೆ ಕಟ್ಟುತ್ತೆ. ಕೊರಳು ಗೂಳಿ ಕೊರಳಿನ ಹಾಗೆ ಊದಿಕೊಳ್ಳುತ್ತೆ. ಪೊರೆ ಶ್ವಾಸನಾಳಕ್ಕೆ ಇಳಿದರೆ ಕೂಸು ಒಂದೊಂದು ಉಸಿರಿಗೂ ಗೊರಗೊರ ಸದ್ದು ಮಾಡ್ತಾ ಪಕ್ಕೆ ಎಳೆಯುತ್ತೆ. ಮಕ್ಕಳ ಶ್ವಾಸನಾಳ ಸಣ್ಣದು, ಸ್ವಲ್ಪ ಪೊರೆ ಸಾಕು ಅದು ಮುಚ್ಚೋಕೆ. ದೊಡ್ಡವರಿಗೆ ಅಲ್ಲಿ ಜಾಗ ಹೆಚ್ಚು ಇದ್ದರೂ ಈ ರೋಗಕ್ಕೆ ಇನ್ನೊಂದು ದಾರಿ ಇದೆ. ಗಂಟಲಲ್ಲಿ ಕೂತ ಬ್ಯಾಕ್ಟೀರಿಯಾ ವಿಷ ಉಗುಳುತ್ತೆ, ಆ ವಿಷ ರಕ್ತದಲ್ಲಿ ಸೇರಿ ಹೃದಯದ ಸ್ನಾಯುವನ್ನು, ನರಗಳನ್ನು ಕೆಡಿಸುತ್ತೆ. ಉಸಿರಾಟ ಸರಿಹೋಯಿತು, ಗಂಟಲು ತಿಳಿಯಾಯಿತು ಅಂತ ಮನೆಯವರು ನಿಟ್ಟುಸಿರು ಬಿಟ್ಟ ವಾರಕ್ಕೋ ಎರಡು ವಾರಕ್ಕೋ ಹೃದಯ ನಿಂತು ಹೋದದ್ದುಂಟು.

ಅರಮನೆ ಗೋಡೆಗೆ ಈ ರೋಗ ಹೆದರುತ್ತಿರಲಿಲ್ಲ ಅನ್ನೋದಕ್ಕೆ ಮೈಸೂರೊಂದೇ ಸಾಕ್ಷಿ ಅಲ್ಲ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗಳು ಆಲಿಸ್, ಜರ್ಮನಿಯ ಹೆಸ್ಸೆ ಸಂಸ್ಥಾನದ ರಾಣಿ. 1878ರ ನವೆಂಬರ್‌ನಲ್ಲಿ ಅವಳ ಮನೆ ತುಂಬಾ ಡಿಫ್ತೀರಿಯಾ. ನಾಲ್ಕು ವರ್ಷದ ಕಿರಿ ಮಗಳು ಮೇ ಹೋದಳು. ತಂಗಿ ಸತ್ತ ಸುದ್ದಿ ಕೇಳಿ ಗೋಳಾಡಿದ ಮಗನನ್ನು ಅಪ್ಪಿ ಮುದ್ದಿಟ್ಟು ಸಮಾಧಾನ ಮಾಡಿದ ಆಲಿಸ್‌ಗೆ ರೋಗ ಅಂಟಿತು ಅಂತ ಹೇಳ್ತಾರೆ. ಡಿಸೆಂಬರ್ 14ಕ್ಕೆ ಅವಳೂ ಹೋದಳು. ಸೂರ್ಯ ಮುಳುಗದ ಸಾಮ್ರಾಜ್ಯದ ಒಡತಿಯ ಮಗಳಿಗೇ ಮದ್ದಿರಲಿಲ್ಲ. ಆಗ ಡಾಕ್ಟರುಗಳು ಮಾಡಬಹುದಾಗಿದ್ದದ್ದು ಕೊರಳು ಕೊಯ್ದು ಶ್ವಾಸನಾಳಕ್ಕೆ ತೂತು ಮಾಡಿ ನಳಿಕೆ ಇಡೋದು. ಫ್ರಾನ್ಸಿನ ಬ್ರೆಟೊನೋ ಅದನ್ನು 1825ರಲ್ಲೇ ಒಂದು ಹುಡುಗಿಗೆ ಮಾಡಿ ಬದುಕಿಸಿದ್ದ. ಆದರೆ ನಳಿಕೆ ಉಸಿರಿಗೆ ದಾರಿ ಕೊಡುತ್ತೆ, ವಿಷವನ್ನು ಇಳಿಸಲ್ಲ.

ವಿಷ ಇಳಿಸೋ ಮದ್ದು ಬಂದದ್ದು ಯಾವಾಗ ಗೊತ್ತಾ? ನಾನು ಈ ಕಥೆಗೆ ಅಂಟಿಕೊಂಡಿರೋದೇ ಈ ತಾರೀಕಿನ ಸಲುವಾಗಿ. ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಾಸಾಟೊ 1890ರಲ್ಲಿ, ವಿಷ ತಿಂದು ಬದುಕಿದ ಪ್ರಾಣಿಯ ರಕ್ತದಲ್ಲೇ ಆ ವಿಷಕ್ಕೆ ಎದುರು ಮದ್ದು ಹುಟ್ಟುತ್ತೆ ಅಂತ ತೋರಿಸಿದ್ದರು. ಪ್ಯಾರಿಸಿನಲ್ಲಿ ಎಮಿಲ್ ರೂ ಕುದುರೆಗಳಿಂದ ಆ ಸೀರಮ್ ತೆಗೆದು ಮಕ್ಕಳ ಆಸ್ಪತ್ರೆಯಲ್ಲಿ ಕೊಟ್ಟ. ಡಿಫ್ತೀರಿಯಾ ವಾರ್ಡಿಗೆ ಬಂದ ಮಕ್ಕಳಲ್ಲಿ ಮೊದಲು ಅರ್ಧದಷ್ಟು ಸಾಯುತ್ತಿದ್ದರು, ಅದು ಕಾಲು ಭಾಗಕ್ಕೆ ಇಳಿಯಿತು. ಈ ಲೆಕ್ಕವನ್ನು ಅವನು ಬುಡಾಪೆಸ್ಟಿನ ಸಮ್ಮೇಳನದಲ್ಲಿ ಜಗತ್ತಿಗೆ ಹೇಳಿದ್ದು 1894ರ ಸೆಪ್ಟೆಂಬರ್‌ನಲ್ಲಿ. ಚಾಮರಾಜೇಂದ್ರರು ತೀರಿಕೊಂಡದ್ದು ಅದೇ ಡಿಸೆಂಬರ್‌ನಲ್ಲಿ. ನಡುವೆ ನಾಲ್ಕು ತಿಂಗಳೂ ಇಲ್ಲ. ಯೂರೋಪಿನ ಪತ್ರಿಕೆಗಳು ಸೀರಮ್ಮಿಗಾಗಿ ಚಂದಾ ಎತ್ತುತ್ತಿದ್ದ ಹೊತ್ತು ಅದು. ಆ ಮದ್ದು ಹಡಗು ಹತ್ತಿ ನಮ್ಮ ದೇಶದ ಆಸ್ಪತ್ರೆಗಳ ರೂಢಿಗೆ ಬರೋಕೆ ಇನ್ನೂ ಕಾಲ ಬೇಕಿತ್ತು. ಬೊಕ್ಕಸದಲ್ಲಿ ಹಣ ಇತ್ತು, ಕಲ್ಕತ್ತಾ ಆಗ ಬ್ರಿಟಿಷ್ ಭಾರತದ ರಾಜಧಾನಿ, ದೊಡ್ಡ ಡಾಕ್ಟರುಗಳಿಗೇನೂ ಕಮ್ಮಿ ಇರಲಿಲ್ಲ. ಸಮಯ ಒಂದು ಇರಲಿಲ್ಲ.

ದೊರೆಯ ಅಂತ್ಯಸಂಸ್ಕಾರ ಕಲ್ಕತ್ತಾದ ಕಾಳಿಘಾಟ್ ಕಡೆ ನಡೆಯಿತು. ಆದಿ ಗಂಗೆಯ ದಡದಲ್ಲಿ ಅವರ ನೆನಪಿಗೆ ಕಟ್ಟಿಸಿದ ಗುಡಿ, ತೋಟ ಈಗಲೂ ಇವೆ, ಬಂಗಾಳದಲ್ಲಿ ನಮ್ಮ ಕಡೆಯ ಗೋಪುರದ ಹಾಗೆ. ಜೊತೆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಆಗ 28. ಐದು ಮಕ್ಕಳು, ಮೂರು ಹೆಣ್ಣು, ಎರಡು ಗಂಡು. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ. ಮುಂದೆ ನಾಲ್ವಡಿ ಅಂತ ನಾವೆಲ್ಲ ಹೊಗಳೋ ಅದೇ ಕೃಷ್ಣರಾಜ. ಹತ್ತು ವರ್ಷ ಅಂದರೆ ನಮ್ಮ ಶಾಲೆಯ ಐದನೇ ಕ್ಲಾಸಿನ ಹುಡುಗ. 1895ರ ಫೆಬ್ರವರಿಯಲ್ಲಿ ಅವನನ್ನು ಗಾದಿ ಮೇಲೆ ಕೂರಿಸಿದರು. ರಾಜ್ಯವನ್ನು 1902ರ ತನಕ ನಡೆಸಿದ್ದು ತಾಯಿ, ರೀಜೆಂಟ್ ಆಗಿ, ವಾಣಿ ವಿಲಾಸ ಸನ್ನಿಧಾನ ಅನ್ನೋ ಹೆಸರಲ್ಲಿ. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಶುರುವಾದದ್ದು ಅವರ ಕಾಲದಲ್ಲಿ, ಅದಕ್ಕೇ ಅದು ವಾಣಿ ವಿಲಾಸ ಸಾಗರ. 1897ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಕಲ್ಲು ಹಾಕಿದವರೂ ಅವರೇ. ಅದರ ಮಗ್ಗುಲಲ್ಲೇ 1935ರಲ್ಲಿ ಹೆಂಗಸರು ಮಕ್ಕಳಿಗೆ ಅಂತ ಎದ್ದ ದೊಡ್ಡಾಸ್ಪತ್ರೆಗೆ ವಾಣಿ ವಿಲಾಸ ಅಂತ ಹೆಸರಿಟ್ಟರು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ರಾಜ್ಯದ ಎಲ್ಲ ಮೂಲೆಯಿಂದ ಉಸಿರು ಕಟ್ಟಿದ ಕೂಸುಗಳನ್ನು ಎತ್ತಿಕೊಂಡು ಇವತ್ತಿಗೂ ಜನ ಅಲ್ಲಿಗೆ ಬರ್ತಾರೆ. ಮಕ್ಕಳ ರೋಗಕ್ಕೆ ಗಂಡನನ್ನು ಕಳಕೊಂಡ ಹೆಣ್ಣಿನ ಹೆಸರು ಅದು ಅಂತ ಆ ಗೇಟಿನಲ್ಲಿ ನಿಂತ ಎಷ್ಟು ಜನಕ್ಕೆ ಗೊತ್ತು?

ಆ ಮನೆಗೆ ಉಸಿರಿನ ಕಾಟ ಅಲ್ಲಿಗೂ ಮುಗಿಯಲಿಲ್ಲ. ಚಾಮರಾಜೇಂದ್ರರ ಮಗಳು ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯ ತಗೊಂಡು ಹೋಯಿತು. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಅಂತ ನಾವು ಕರೆಯೋದು ಅವರ ನೆನಪಿಗೆ ಅಣ್ಣ ನಾಲ್ವಡಿ ಕಟ್ಟಿಸಿದ ಆಸ್ಪತ್ರೆ. ಪಿ ಅಂದರೆ ಪ್ರಿನ್ಸೆಸ್, ಕೆ ಅಂದರೆ ಕೃಷ್ಣಾಜಮ್ಮಣ್ಣಿ. ಅಪ್ಪನ ಗಂಟಲು, ಮಗಳ ಪುಪ್ಪುಸ.

ಇಷ್ಟು ಹೇಳಿದ ಮೇಲೆ ನಮ್ಮೂರಿನ ಮಂದಿ ಕೇಳೋದು ಒಂದೇ ಮಾತು. ಅದು ರಾಜರ ಕಾಲ ಬಿಡ್ರಿ ಸಾರ್, ಈಗೆಲ್ಲಿ ಐತಿ ಆ ರೋಗ?

ಐತಿ. 2018ರಲ್ಲಿ ಭಾರತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಡಿಫ್ತೀರಿಯಾ ಪ್ರಕರಣ ದಾಖಲಾದವು, ಜಗತ್ತಿನ ಲೆಕ್ಕದ ಅರ್ಧಕ್ಕಿಂತ ಹೆಚ್ಚು. ಅದೇ ವರ್ಷ ದೆಹಲಿಯ ಒಂದು ಮುನ್ಸಿಪಲ್ ಆಸ್ಪತ್ರೆಯಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಮಕ್ಕಳು ಸತ್ತರು, ಕುದುರೆ ಸೀರಮ್ ದಾಸ್ತಾನು ಇರಲಿಲ್ಲ. ನೂರಾ ಇಪ್ಪತ್ನಾಲ್ಕು ವರ್ಷದ ನಂತರ, ಅದೇ ಮದ್ದು, ಮತ್ತೆ ಕೈಗೆ ಸಿಗಲಿಲ್ಲ! ನಮ್ಮ ಉತ್ತರ ಕರ್ನಾಟಕದ ಆಸ್ಪತ್ರೆಗಳಿಂದಲೂ ಈ ಶತಮಾನದಲ್ಲಿ ವರದಿಗಳು ಬಂದಿವೆ. ರೋಗ ಅಪರೂಪ ಆದಷ್ಟೂ ಸೀರಮ್ ಮಾಡೋರು ಕಮ್ಮಿ ಆಗ್ತಾರೆ, ಗಂಟಲು ನೋಡಿ ಗುರುತಿಸೋ ಡಾಕ್ಟರುಗಳೂ ಕಮ್ಮಿ ಆಗ್ತಾರೆ. ಹಾಗಾಗಿ ರೋಗ ಬಂದ ಮೇಲೆ ಸೀರಮ್ ಹುಡುಕೋದು ನಮ್ಮಂಥ ಊರಿನವರ ಕೈಲಿ ಆಗೋ ಮಾತಲ್ಲ. ಬರದ ಹಾಗೆ ಸೂಜಿ ಹಾಕಿಸೋದೊಂದೇ ನಮ್ಮ ಕೈಲಿರೋದು.

ಆ ಸೂಜಿ 1894ರಲ್ಲಿ ಹುಟ್ಟೇ ಇರಲಿಲ್ಲ. ವಿಷದ ಹಲ್ಲು ಮುರಿದು ಲಸಿಕೆ ಮಾಡೋದನ್ನು ಫ್ರಾನ್ಸಿನ ಗಾಸ್ಟನ್ ರಾಮೋಂ ಕಂಡುಹಿಡಿದದ್ದು 1923ರಲ್ಲಿ. ಈಗ ಅದು ನಮ್ಮ ಉಪಕೇಂದ್ರದಲ್ಲಿ, ಅಂಗನವಾಡಿಯಲ್ಲಿ, ಗುರುವಾರ ಪುಕ್ಕಟೆ. ಕೂಸಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾವೇಲೆಂಟ್. ಅದರೊಳಗೆ ಗಂಟಲಮಾರಿಯ ಜೊತೆ ನಾಯಿಕೆಮ್ಮಿಗೂ ಮದ್ದಿದೆ, ಒಂದು ಬಗೆಯ ನ್ಯುಮೋನಿಯಾಕ್ಕೂ ಇದೆ. ಅಂದರೆ ಕೂಸಿನ ಉಸಿರು ಕಾಯೋ ಸೂಜಿ ಅದು. ಇಲ್ಲೀತನಕ ನಮ್ಮೂರು ಚೆನ್ನಾಗೇ ನಡೀತಿದೆ. ಆಶಾ ಅಕ್ಕಂದಿರು ಮನೆ ಮನೆಗೆ ತಿರುಗಿ ತಾಯಿ ಕಾರ್ಡ್ ಹಿಡಿದು ಕರ್ಕೊಂಡು ಬರ್ತಾರೆ.

ಎಡವೋದು ಆಮೇಲೆ. ಒಂದೂವರೆ ವರ್ಷಕ್ಕೆ ಒಂದು ಬೂಸ್ಟರ್, ಐದು ದಾಟಿದ ಮೇಲೆ ಇನ್ನೊಂದು, ಹತ್ತಕ್ಕೆ ಮತ್ತು ಹದಿನಾರಕ್ಕೆ ಟಿಡಿ. ಈ ರೋಗಕ್ಕೆ ಮೈಯಲ್ಲಿ ಹುಟ್ಟೋ ಶಕ್ತಿ ವರ್ಷ ಕಳೆದಂತೆ ಸವೆಯುತ್ತೆ, ಅದಕ್ಕೇ ಮತ್ತೆ ಮತ್ತೆ ಕೊಡೋದು. ಈಗೀಗ ಭಾರತದಲ್ಲಿ ರೋಗ ಹೆಚ್ಚು ಕಾಣಿಸಿಕೊಳ್ಳುತ್ತಿರೋದು ಕೈಕೂಸುಗಳಲ್ಲಿ ಅಲ್ಲ, ಐದು ದಾಟಿದ ಶಾಲೆ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ. ಆದರೆ ಕೂಸು ಶಾಲೆಗೆ ಸೇರಿತು ಅಂದರೆ ಸೂಜಿ ಮುಗೀತು ಅಂತ ನಮ್ಮ ಜನರ ಲೆಕ್ಕ. ತಾಯಿ ಕಾರ್ಡ್ ಅಷ್ಟರಲ್ಲಿ ಟ್ರಂಕಿನ ತಳ ಸೇರಿರುತ್ತೆ, ಇಲ್ಲವೇ ಮಳೆಗೆ ನೆಂದು ಹೋಗಿರುತ್ತೆ.

ಆರೋಗ್ಯ ಇಲಾಖೆಯವರು ಶಾಲೆಗೇ ಬರೋ ದಿನ ನೋಡಬೇಕು. ಹೋದ ಸಲ ಐದನೇ ಕ್ಲಾಸಿನ ನಾಲ್ಕು ಹುಡುಗರು ಕಾಂಪೌಂಡ್ ಹಾರಿ ಕೆರೆ ಏರಿ ಹತ್ತಿದರು. ಒಬ್ಬ ತಾಯಿ ಬಂದು, ಸೂಜಿ ಮಾಡ್ಸಿದ್ರ ಮಗನಿಗೆ ಜ್ವರ ಬರ್ತತಿ, ನಾಳೆ ಕೂಲಿ ಬಿಟ್ಟು ನಾನು ಮನ್ಯಾಗ ಕುಂದ್ರಬೇಕೇನು ಅಂತ ತರಾಟೆಗೆ ತಗೊಂಡರು. ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ. ಒಂದು ದಿನದ ಕೂಲಿ ಅಂದರೆ ಸುಮ್ಮನೇನಾ? ಆ ಕೂಲಿಗೆ ಎದುರಾಗಿ ತೂಗೋಕೆ ನನ್ನ ಹತ್ತಿರ ಇರೋದು ಈ ಸತ್ತ ದೊರೆಯ ಕಥೆ ಒಂದೇ. ಯಕ್ಕಾ, ಅಂಥ ಮಹಾರಾಜನ ಕೈಗೇ ಸಿಗದ ಸೂಜಿ ಇದು, ಇಲ್ಲಿ ನಿಮ್ಮ ಮನೆ ಬಾಗಿಲಿಗೆ ಬಂದೈತಿ ಅಂತ ಹೇಳಿದೆ. ಅವರು ನಂಬಲಿಲ್ಲ. ಫೋನಲ್ಲಿ ಪೇಟ ಕಟ್ಟಿದ, ಮೀಸೆಯ ಆ ಯುವಕನ ಫೋಟೋ ತೋರಿಸಿದೆ. ಎಷ್ಟು ವರ್ಸ ಆಗಿದ್ವು ಅಂತ ಕೇಳಿದರು. ಮೂವತ್ತೊಂದು ಅಂದೆ. ಅವರ ಗಂಡನ ವಯಸ್ಸೂ ಅಷ್ಟೇ ಇರಬೇಕು. ಸುಮ್ಮನೆ ಮಗನ ತೋಳು ಹಿಡಿದು ಸಾಲಿಗೆ ನಿಲ್ಲಿಸಿದರು.

ಕಥೆ ಹೇಳಿ ಎಲ್ಲರನ್ನೂ ಗೆಲ್ಲೋಕೆ ಆಗಲ್ಲ, ಅದೂ ಗೊತ್ತು. ಉಸಿರು ಎಳೆಯೋ ಕೂಸಿಗೆ ಬರೆ ಹಾಕಿಸೋ ಪದ್ಧತಿ ನಮ್ಮ ಸೀಮೆಯಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಹೊಟ್ಟೆ ಮೇಲೆ ಆ ಕಲೆ ಇರೋ ಮಕ್ಕಳು ನನ್ನ ಕ್ಲಾಸಲ್ಲೇ ಇದ್ದಾರೆ. ಹದಿನಾರಕ್ಕೆ ಹಾಕೋ ಟಿಡಿಯ ಪಾಡು ಇನ್ನೂ ಕಷ್ಟ. ಎಸ್ಸೆಸ್ಸೆಲ್ಸಿಗೆ ಶಾಲೆ ಬಿಟ್ಟ ಹುಡುಗ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗಿರ್ತಾನೆ. ಹುಡುಗಿಗೆ ಗುಟ್ಟಾಗಿ ಮದುವೆ ಮಾತು ನಡೆದಿರುತ್ತೆ. 1894ರ ಆ ಕಾಯ್ದೆ, ಆಮೇಲಿನ ಎಷ್ಟೋ ಕಾಯ್ದೆ ದಾಟಿಕೊಂಡು. ಅಂಥ ಹುಡುಗಿ ಮತ್ತೆ ಸೂಜಿಯ ಲೆಕ್ಕಕ್ಕೆ ಸಿಗೋದು ಬಸುರಿಯಾದ ಮೇಲೆ, ಅದೇ ಟಿಡಿಗೆ.

ತಾಂಡಾಗಳ ಕಥೆ ಬೇರೆಯೇ. ಸುಗ್ಗಿ ಮುಗಿದ ಕೂಡಲೇ ಲಂಬಾಣಿ ಮಂದಿ ಮಕ್ಕಳನ್ನೂ ಕಟ್ಟಿಕೊಂಡು ಕಬ್ಬು ಕಡಿಯೋಕೆ, ಕಾಫಿ ಸೀಮೆಗೆ ಹೋಗ್ತಾರೆ. ಶಾಲೆಗೆ ಸೂಜಿಯವರು ಬಂದಾಗ ಆ ಮಕ್ಕಳು ಇರೋದೇ ಇಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆದು ಮುಗಿಸಬಹುದು, ಎಷ್ಟೋ ಕಡೆ ಹಾಗೇ ಮುಗಿಸ್ತಾರೆ ಕೂಡ. ಗುಳೆ ಹೋದ ಊರಲ್ಲಿ ಕಬ್ಬಿನ ಗದ್ದೆ ಪಕ್ಕದ ಗುಡಿಸಲಲ್ಲಿ ಹತ್ತಾರು ಮಕ್ಕಳು ಒತ್ತೊತ್ತಿಗೆ ಮಲಗ್ತಾರೆ. ಕೆಮ್ಮು, ಸೀನಿನ ಮೂಲಕ ಹರಡೋ ರೋಗಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಯಾವ ಮಕ್ಕಳಿಗೆ ಸೂಜಿ ಎಲ್ಲರಿಗಿಂತ ಮೊದಲು ಬೇಕೋ ಅವರೇ ಪಟ್ಟಿಯಿಂದ ಹೊರಗೆ.

ಈ ವರ್ಷ ಗೈರಾದ ಮಕ್ಕಳ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಎಎನ್‌ಎಂ ಸಿಸ್ಟರ್ ಕೈಗೆ ಕೊಟ್ಟಿದ್ದೀನಿ, ಒಂದು ಕಾಪಿ ನನ್ನ ಮೇಜಿನ ಗಾಜಿನ ಕೆಳಗಿದೆ. ಹನ್ನೊಂದು ಹೆಸರು. ಯುಗಾದಿಗೆ ಹೆಚ್ಚಿನವರು ತಾಂಡಾಕ್ಕೆ ತಿರುಗಿ ಬರ್ತಾರೆ, ಹಬ್ಬ ಕಳೆದ ಮೊದಲ ಗುರುವಾರ ಅಂಗನವಾಡಿಗೆ ಕಳಿಸಿ ಅಂತ ಹೇಳಿ ಕಳಿಸಿದ್ದೂ ಆಗಿದೆ. ಅದರಲ್ಲಿ ಮೂವರು ಹತ್ತು ತುಂಬಿದವರು.